‘ಬಿತ್ತು’ ಅಂದರೆ ಯಾರು ಹೊಡೆದದ್ದು?

ಕೀಲಿ ಕಳೆದುಕೊಳ್ಳದ ಮನೆ ಯಾವುದಿದೆ ಹೇಳಿ? ಸರಿಯಾಗಿ ಹೊರಡೋ ಹೊತ್ತಿಗೇ ಅದು ಮಾಯವಾಗುತ್ತೆ. ಜೇಬು ತಡಕಿ, ಚೀಲ ಕೊಡವಿ, ಮನೆಮಂದಿಗೆಲ್ಲ ಬೈದು, ಕೊನೆಗೆ ಆ ಬೀದಿಯವರು ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ, ಮೂಲೆ ಕಟ್ಟಡದ ಮೆಟ್ಟಿಲ ಕೆಳಗಿನ ಬೀಗದಂಗಡಿಯಲ್ಲಿ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಮೂಡದ ಹೊಸ ಕೀಲಿಗಳು. ಅಲ್ಲಿ ಕೂತು ಅರದಿಂದ ಉಜ್ಜಿ ಉಜ್ಜಿ ಕೀಲಿಗೆ ಹಲ್ಲು ತೆಗೆಯುತ್ತಿದ್ದವನನ್ನು ಬೀದಿಯೆಲ್ಲ ‘ಬೀಗದಣ್ಣ’ ಅನ್ನುತ್ತಿತ್ತು. ಅವನು ಅಣ್ಣನಾದ ಮೇಲೆ ಅವನ ಹೆಂಡತಿ ತಾನಾಗಿಯೇ ಎಲ್ಲರಿಗೂ ಅತ್ತಿಗೆ. ತನಗಿಂತ ವಯಸ್ಸಾದವರೂ ಅತ್ತಿಗೆ ಅಂದಾಗ ಅವಳಿಗೆ ಮೈಯುರಿಯುತ್ತಿತ್ತು. ಆದರೂ ಓಗೊಡುತ್ತಿದ್ದಳು.

ಅತ್ತಿಗೆಯ ಬಾಯಿ ಜೋರು. ಬೀಗದಣ್ಣನಿಗೆ ಬಾಯಿ ಇದೆಯೋ ಇಲ್ಲವೋ ಅಂತ ಅನುಮಾನ. ‘ಆಯ್ತು’, ‘ಹೋಯ್ತು’, ‘ಬಂತು’, ‘ಬಿತ್ತು’, ಇಷ್ಟರಲ್ಲೇ ಅವನ ಸಂಸಾರ ನಡೆದುಹೋಗುತ್ತಿತ್ತು. ಕೀಲಿ ರೆಡಿಯಾದರೆ ‘ಆಯ್ತು’. ಕರೆಂಟು ಕೈಕೊಟ್ಟರೆ ‘ಹೋಯ್ತು’. ಮಿಕ್ಕದ್ದನ್ನೆಲ್ಲ ಗಿರಾಕಿಗೆ ಅತ್ತಿಗೆಯೇ ಬಿಡಿಸಿ ಹೇಳಬೇಕು.

ಹೀಗಿರುವಾಗ ಹಿಂದಿನ ಬೀದಿಯ ಒಂದು ಮನೆಯಲ್ಲಿ ಕಳವಾಯಿತು. ಬಾಗಿಲು ಒಡೆದಿಲ್ಲ, ಬೀಗ ಮುರಿದಿಲ್ಲ. ಹಾಗಾದರೆ ಯಾರೋ ಕಳ್ಳಗೀಲಿ ಮಾಡಿಸಿದ್ದಾರೆ ಅಂತ ಪೊಲೀಸರಿಗೆ ಅನುಮಾನ. ಅನುಮಾನ ಪಡುವುದು ಅವರ ಕೆಲಸ, ಅದರಲ್ಲಿ ತಪ್ಪೇನಿಲ್ಲ. ಮಧ್ಯಾಹ್ನ ಇಬ್ಬರು ಅಂಗಡಿಗೆ ಬಂದರು.

“ಸ್ವಲ್ಪ ಕೇಳೋದಿದೆ, ಠಾಣೆಗೆ ಬಾ. ನಿನ್ನ ಸಾಮಾನಿನ ಪೆಟ್ಟಿಗೆನೂ ತಗೊಂಡು ಬಾ.”

ಬೀಗದಣ್ಣ ಬಲಗೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಹೋದ. ಸಂಜೆ ಬಂದಾಗ ಪೆಟ್ಟಿಗೆ ಎಡಗೈಯಲ್ಲಿತ್ತು. ಬಲಗೈ ಮಣಿಕಟ್ಟು ಊದಿಕೊಂಡು ಗುರುತೇ ಸಿಗುತ್ತಿರಲಿಲ್ಲ.

“ಅಯ್ಯೋ, ಕೈಗೆ ಏನಾಯ್ತ್ರೀ?”

“ಏನಿಲ್ಲ. ಎರಡು ಬಿತ್ತು.”

ಅತ್ತಿಗೆಗೆ ಅಷ್ಟೇ ಸಾಕಾಯಿತು, ಅರ್ಥವಾಯಿತು. ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಸಾಲೋ ಸಾಲು. ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು. “ಏನಾಯ್ತು?”

“ಕೈ ಮೇಲೆ ಬಿತ್ತು, ಡಾಕ್ಟ್ರೇ,” ಅಂದ ಬೀಗದಣ್ಣ.

ಅವರು ಬರೆದುಕೊಂಡರು. ಎಕ್ಸ್‌ರೇ ತೆಗೆದರು, ಮೂಳೆ ಬಿರುಕು ಬಿಟ್ಟಿದೆ ಅಂದರು, ಪ್ಲಾಸ್ಟರ್ ಹಾಕಿದರು. ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಗಂಡನೂ ನೋಡಲಿಲ್ಲ, ಹೆಂಡತಿಯೂ ನೋಡಲಿಲ್ಲ. ನಾವು ನೀವು ನೋಡ್ತೀವಾ?

ಮಾರನೇ ದಿನ ಕಳ್ಳ ಸಿಕ್ಕಿಬಿದ್ದ. ಬೇರೆ ಯಾರೂ ಅಲ್ಲ, ಆ ಮನೆಯವರದೇ ತಂಗಿಯ ಮಗ. ಮನೆಯ ಕೀಲಿಯಿಂದಲೇ ಬಾಗಿಲು ತೆಗೆದಿದ್ದ. ಬೀಗದಣ್ಣನಿಗೂ ಕಳವಿಗೂ ಏನೇನೂ ಸಂಬಂಧವಿಲ್ಲ ಅಂತ ಠಾಣೆಯವರಿಗೆ ಗೊತ್ತಾಯಿತು. ಆದರೆ ಬೀದಿಗೆ ಯಾರು ಹೇಳಬೇಕು? ಅವನನ್ನು ಕರೆದುಕೊಂಡು ಹೋದದ್ದನ್ನು ಬೀದಿಯೆಲ್ಲ ನೋಡಿತ್ತು. ಬಿಟ್ಟು ಕಳಿಸಿದ್ದನ್ನು ಯಾರೂ ನೋಡಿರಲಿಲ್ಲ.

ಮೊದಲು ಬಂದವರು ಎದುರು ಮನೆ ಟೀಚರ್. “ಅತ್ತಿಗೆ, ನನ್ನ ಬೀರು ಕೀಲಿ ಕೊಟ್ಬಿಡಿ. ಇನ್ನೊಂದು ಮಾಡಿಸೋಕೆ ಈಗೇನು ಅರ್ಜೆಂಟಿಲ್ಲ.” ಆಮೇಲೆ ಔಷಧಿ ಅಂಗಡಿಯವರು. ಆಮೇಲೆ ಯಾರೂ ಬರಲೇ ಇಲ್ಲ. ಬೀಗದವನ ಕೈಗೆ ಜನ ಮನೆಯ ಕೀಲಿ ಕೊಡೋದು ನಂಬಿಕೆಯಿಂದ. ಕೈ ವಾಸಿಯಾದರೂ ಆ ನಂಬಿಕೆ ಹೋದರೆ ಅಂಗಡಿ ಮುಚ್ಚಿದ ಹಾಗೇ ಅಂತ ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು.

ಆ ವಾರದಲ್ಲೇ ಮೇಲಿನ ಮಹಡಿಯ ವಕೀಲಮ್ಮ ಇಳಿದು ಬಂದರು. ಬಡವರಿಗೆ ಪುಕ್ಕಟೆಯಾಗಿ ಕಾನೂನು ಸಲಹೆ ಕೊಡುವ ಕೇಂದ್ರದಲ್ಲಿ ಅವರ ಕೆಲಸ. ಕೀಲಿ ಬಾಗಿಲಲ್ಲೇ ಸಿಕ್ಕಿಕೊಂಡಿದೆ, ಬಂದು ತೆಗೆದುಕೊಡಿ ಅಂತ ಕೇಳೋಕೆ ಬಂದವರು, ಪ್ಲಾಸ್ಟರ್ ನೋಡಿ ಅಲ್ಲೇ ನಿಂತುಬಿಟ್ಟರು.

“ಏನಣ್ಣ ಇದು?”

“ಬಿತ್ತು.”

“ಏನು ಬಿತ್ತು?”

“ಠಾಣೇಲಿ. ಎರಡು ಬಿತ್ತು.”

“ಆಕಾಶದಿಂದ ಬಿತ್ತಾ? ಯಾರು ಹೊಡೆದದ್ದು ಅಂತ ಕೇಳ್ತಿದೀನಿ.”

ಬೀಗದಣ್ಣ ಅರದ ತುದಿ ನೋಡುತ್ತಾ ಕೂತ. ಅತ್ತಿಗೆಗೆ ತಡೆಯಲಾಗಲಿಲ್ಲ. “ಇನ್ಯಾರು, ಠಾಣೆ ಸಾಹೇಬರು! ಈಗ ಏನು ಮಾಡೋಕಾಗುತ್ತೆ ಬಿಡಿ.”

“ದೂರು ಕೊಡಬಹುದಲ್ಲ.”

“ಪೊಲೀಸರ ಮೇಲೆ ಪೊಲೀಸರಿಗೇ ದೂರಾ? ಬೀಗ ಕೆಟ್ಟಿದೆ ಅಂತ ಬೀಗಕ್ಕೇ ಹೇಳಿದ ಹಾಗಾಯ್ತು!”

ವಕೀಲಮ್ಮ ನಕ್ಕು, ಅಲ್ಲೇ ಮೆಟ್ಟಿಲ ಮೇಲೆ ಕೂತರು. “ಆ ಠಾಣೆಗೇ ಕೊಡಬೇಕು ಅಂತ ಯಾರು ಹೇಳಿದ್ದು? ಅವರ ಮೇಲೆ ದೊಡ್ಡ ಅಧಿಕಾರಿ ಇದಾರೆ. ಪೊಲೀಸರ ಮೇಲಿನ ದೂರು ವಿಚಾರಿಸೋಕೇ ಅಂತ ಬೇರೆ ಪ್ರಾಧಿಕಾರ ಇದೆ. ಕೋರ್ಟಂತೂ ಇದ್ದೇ ಇದೆ. ವಿಚಾರಣೆಗೆ ಕರೆಯೋ ಹಕ್ಕು ಪೊಲೀಸರಿಗಿದೆ ಅತ್ತಿಗೆ, ಹೊಡೆಯೋ ಹಕ್ಕು ಇಲ್ಲ. ಎಲ್ಲಿ, ಆಸ್ಪತ್ರೆ ಚೀಟಿ ಕೊಡಿ.”

ಚೀಟಿ ಓದಿ ಅವರ ಮುಖ ಸಪ್ಪಗಾಯಿತು. ಜೋರಾಗಿ ಓದಿದರು. “‘ಕೈ ಮೇಲೆ ಭಾರದ ವಸ್ತು ಬಿದ್ದು ಮೂಳೆ ಬಿರುಕು.’ ಇದೇನು, ಪೆಟ್ಟಿಗೆ ಬಿತ್ತಾ?”

ಅತ್ತಿಗೆ ಹಣೆ ಚಚ್ಚಿಕೊಂಡಳು. “ರೀ! ಬಿತ್ತು ಅಂದ್ರಲ್ರೀ! ಅದಕ್ಕೇ ಅವರು ಬಿತ್ತು ಅಂತಲೇ ಬರ್ಕೊಂಡಿದಾರೆ!”

“ಏಟು ಬಿತ್ತು ಅಂತ ನಾನಂದದ್ದು,” ಅಂದ ಬೀಗದಣ್ಣ ಮೆಲ್ಲಗೆ.

“ಏಟು ಅನ್ನೋದನ್ನ ನುಂಗಿದ್ರಿ. ಹೊಡೆದವರನ್ನೂ ನುಂಗಿದ್ರಿ. ಉಳಿದದ್ದು ಬರೀ ಬಿತ್ತು!”

ವಕೀಲಮ್ಮ ಸಮಾಧಾನ ಮಾಡಿದರು. “ನಾವೆಲ್ಲ ಹೀಗೇ ಮಾತಾಡೋದು ಅತ್ತಿಗೆ. ಗ್ಲಾಸು ಒಡೆದುಹೋಯ್ತು ಅಂತೀವಿ, ನಾನು ಒಡೆದೆ ಅನ್ನಲ್ಲ. ಮನೇಲಿ ಅದು ನಡೆಯುತ್ತೆ. ದೂರಿನಲ್ಲಿ ನಡೆಯಲ್ಲ. ಯಾರು, ಏನು ಮಾಡಿದ್ರು, ಎಲ್ಲಿ, ಯಾವತ್ತು, ಯಾರು ನೋಡಿದ್ರು, ಇಷ್ಟೂ ವಾಕ್ಯದಲ್ಲಿ ಇರಬೇಕು. ನೆನಪು ಹಸಿಯಾಗಿರುವಾಗಲೇ ಬರೀಬೇಕು. ಹೊಡೆದವರ ಹೆಸರೇನು?”

“ಗೊತ್ತಿಲ್ಲ.”

“ಎದೆ ಮೇಲೆ ಪಟ್ಟಿ ಇರುತ್ತಲ್ಲ, ಓದಲಿಲ್ವಾ?”

“ಮುಖ ಎತ್ತಿ ನೋಡ್ಲಿಲ್ಲ. ಸೊಂಟದಲ್ಲಿ ಕೀಲಿಗೊಂಚಲಿತ್ತು. ಅದನ್ನೇ ನೋಡ್ತಿದ್ದೆ. ಒಂದು ಹಿತ್ತಾಳೆದು, ಹಲ್ಲು ಸವೆದಿತ್ತು.”

ಅಂಥ ಹೊತ್ತಿನಲ್ಲೂ ಕೀಲಿ ನೋಡಿದ್ದಾನಲ್ಲ ಅಂತ ಅತ್ತಿಗೆಗೆ ನಗು ಬಂತು, ಕಣ್ಣೂ ತುಂಬಿತು. ವಕೀಲಮ್ಮ ಅದನ್ನೂ ಬರೆದುಕೊಂಡರು. “ಹೆಸರು ಗೊತ್ತಿಲ್ಲ ಅಂತ ಸುಮ್ಮನಿರಬಾರದು. ಕಂಡದ್ದನ್ನ ಕಂಡ ಹಾಗೆ ಹೇಳಿ, ಸಾಕು. ಅವತ್ತು ಡ್ಯೂಟಿಯಲ್ಲಿ ಯಾರಿದ್ರು ಅಂತ ಠಾಣೆಯ ದಾಖಲೆಯಲ್ಲೇ ಇರುತ್ತೆ. ಮತ್ತೆ ಅಲ್ಲಿ ಇನ್ಯಾರಿದ್ರು?”

“ಒಬ್ಬ ಕಾನ್‌ಸ್ಟೇಬಲ್. ಸಾಕು ಬಿಡಿ ಸಾರ್ ಅಂದ. ಆಮೇಲೆ ನೀರು ಕೊಟ್ಟ.”

“ಅದೆಲ್ಲ ಯಾಕೆ ಬರೀತೀರಾ?” ಅತ್ತಿಗೆ ನಡುವೆ ಬಾಯಿ ಹಾಕಿದಳು. “ಎಲ್ಲರೂ ಸೇರ್ಕೊಂಡು ಸಾಯೋ ಹಾಗೆ ಬಡಿದರು ಅಂತ ಬರೀರಿ. ಸ್ವಲ್ಪ ಉಪ್ಪು ಖಾರ ಇರ್ಲಿ.”

“ಬೇಡ ಅತ್ತಿಗೆ. ಒಂದು ಸುಳ್ಳು ಕೈಗೆ ಸಿಕ್ಕಿದರೆ ಸಾಕು, ಮಿಕ್ಕ ನಿಜವನ್ನೆಲ್ಲ ಅದರ ಜೊತೆಗೇ ಎತ್ತಿ ಬಿಸಾಕ್ತಾರೆ. ಹೊಡೆದವರು ಒಬ್ಬರು ಅಂದರೆ ಒಬ್ಬರು. ನೀರು ಕೊಟ್ಟವರು ನೀರು ಕೊಟ್ಟರು. ಅವತ್ತಿನ ಅಂಗಿ ಎಲ್ಲಿ?”

“ಒಗೆದು ಮಡಿಸಿಟ್ಟಿದೀನಿ. ಹರಿದ ತೋಳನ್ನೂ ಹೊಲಿದೆ,” ಅಂದಳು ಅತ್ತಿಗೆ. ಅಂದ ಮೇಲೆ ತಪ್ಪು ಗೊತ್ತಾಗಿ ನಾಲಿಗೆ ಕಚ್ಚಿಕೊಂಡಳು.

“ಹೋಗ್ಲಿ ಬಿಡಿ. ಇನ್ನು ಯಾರಿಗಾದರೂ ಹೀಗಾದರೆ ಒಗೆಯದೆ ಹಾಗೇ ತೆಗೆದಿಡೋಕೆ ಹೇಳಿ.” ಬೀಗದಣ್ಣನ ತೋಳಿನ ಮೇಲೆ ಉದ್ದುದ್ದ ನೀಲಿ ಗೆರೆಗಳು ಇನ್ನೂ ಮಾಸಿರಲಿಲ್ಲ. ವಕೀಲಮ್ಮ ಅವುಗಳ ಪಕ್ಕ ಒಂದು ಅಳತೆ ಪಟ್ಟಿ ಹಿಡಿಸಿ, ಮುಖವೂ ಕಾಣುವ ಹಾಗೆ ಫೋಟೋ ತೆಗೆದರು.

“ನಾಳೆ ಅವರು ಮತ್ತೆ ಅಂಗಡಿಗೆ ಬಂದರೆ?” ಇದು ಅತ್ತಿಗೆಯ ನಿಜವಾದ ಭಯ. ಇಷ್ಟು ಹೊತ್ತು ಹಾಸ್ಯದಲ್ಲಿ ಮುಚ್ಚಿಟ್ಟಿದ್ದಳು.

“ಬಂದರೆ ಯಾರು ಬಂದರು, ಏನಂದರು ಅಂತ ಅದನ್ನೂ ಬರೆದು ಕಳಿಸೋಣ. ದೂರು ಕೊಟ್ಟವರನ್ನ ಹೆದರಿಸೋದು ಇನ್ನೊಂದು ತಪ್ಪು. ನೀವು ಒಬ್ಬರೇ ಎಲ್ಲಿಗೂ ಹೋಗಬೇಡಿ, ನಾನಿದೀನಿ.”

ಅತ್ತಿಗೆ ಗಂಡನ ಮುಖ ನೋಡಿದಳು. ಅವನು ಖಾಲಿ ಮೊಳೆಗಳನ್ನು ನೋಡುತ್ತಿದ್ದ. ಟೀಚರ್ ಕೀಲಿ ಇದ್ದ ಮೊಳೆ, ಔಷಧಿ ಅಂಗಡಿಯವರ ಮೊಳೆ.

“ಕೊಡೋಣ,” ಅಂದ.

ಮೊದಲು ಆಸ್ಪತ್ರೆಗೇ ಹೋದರು. ಡಾಕ್ಟರಮ್ಮ ಪೂರ್ತಿ ಕೇಳಿ ಬೇಜಾರು ಮಾಡಿಕೊಂಡರು. “ನೀವು ಬಿತ್ತು ಅಂದ್ರಿ, ಏನು ಬಿತ್ತು ಅಂತ ನಾನೂ ಕೇಳಬೇಕಿತ್ತು.” ಹಳೆಯದನ್ನು ಹೊಡೆದುಹಾಕಲಿಲ್ಲ, ಹಾಗೆ ಮಾಡಬಾರದಂತೆ. ಕೆಳಗೆ ಹೊಸ ತಾರೀಖು ಹಾಕಿ, ರೋಗಿ ಈಗ ಹೇಳಿದ್ದನ್ನು ಬರೆದರು. ತೋಳಿನ ಗೆರೆಗಳನ್ನು ತಾವೇ ನೋಡಿ, ಇವು ಲಾಠಿಯಂಥ ಉದ್ದನೆಯ ವಸ್ತುವಿನ ಏಟಿಗೆ ಹೊಂದುತ್ತವೆ ಅಂತ ಸೇರಿಸಿ ಸಹಿ ಮಾಡಿದರು. ದೊಡ್ಡ ಅಧಿಕಾರಿಗೊಂದು, ದೂರು ಪ್ರಾಧಿಕಾರಕ್ಕೊಂದು ದೂರು ತಯಾರಾಯಿತು. ಠಾಣೆಯ ಕ್ಯಾಮೆರಾದಲ್ಲಿ ಹಳೆಯ ಚಿತ್ರ ಸ್ವಲ್ಪ ದಿನಕ್ಕೆ ಅಳಿಸಿಹೋಗುತ್ತೆ, ಅದಕ್ಕೇ ಅವತ್ತಿನದನ್ನು ಉಳಿಸಿಡಿ ಅಂತ ಬೇರೆ ಅರ್ಜಿ.

ದೊಡ್ಡ ಅಧಿಕಾರಿಯ ಕಚೇರಿಯಲ್ಲಿ ಗುಮಾಸ್ತ ದೂರು ತೆಗೆದುಕೊಂಡ. “ಸರಿ, ಹೋಗಿ.”

“ತಗೊಂಡಿದೀವಿ ಅಂತ ನಮ್ಮ ಪ್ರತಿ ಮೇಲೆ ಮುದ್ರೆ?” ಅಂದಳು ಅತ್ತಿಗೆ.

“ಅದೆಲ್ಲ ಕೊಡಲ್ಲಮ್ಮ.”

“ಪರವಾಗಿಲ್ಲ. ಕೊಡೋ ತನಕ ಇಲ್ಲೇ ಕೂತಿರ್ತೀನಿ. ಅಂಗಡೀಲಂತೂ ಗಿರಾಕಿ ಇಲ್ಲ, ನಿಮ್ಮ ಜೊತೆ ಮಾತಾಡ್ತಿರ್ತೀನಿ.” ಅವಳು ಮಾತು ಶುರು ಮಾಡಿದಳು. ಸ್ವಲ್ಪ ಹೊತ್ತಿಗೇ ಮುದ್ರೆ ಬಿತ್ತು. ಇಲ್ಲಿ ‘ಬಿತ್ತು’ ಅಂದರೆ ತಪ್ಪಿಲ್ಲ ಬಿಡಿ, ಒತ್ತಿದವನು ಎದುರಿಗೇ ಇದ್ದ.

ನಡುವೆ ಠಾಣೆ ಕಡೆಯವರೊಬ್ಬರು ಅಂಗಡಿಗೆ ಬಂದು, “ಸಾಹೇಬರು ಬೇಜಾರು ಮಾಡ್ಕೊಂಡಿದಾರೆ, ದೂರು ವಾಪಸ್ ತಗೊಂಡ್ಬಿಡಿ” ಅಂದರು. ವಕೀಲಮ್ಮ ಅದನ್ನೂ ಬರೆದು ಕಳಿಸಿದರು. ಆಮೇಲೆ ಯಾರೂ ಬರಲಿಲ್ಲ. ತಿಂಗಳುಗಳು ಹೋದವು. ಅತ್ತಿಗೆಗೆ ಆಸೆ ಹೆಚ್ಚುಕಡಿಮೆ ಬತ್ತಿಹೋದಾಗ ಪ್ರಾಧಿಕಾರದಿಂದ ವಿಚಾರಣೆಗೆ ಕರೆ ಬಂತು.

ದೊಡ್ಡ ಕೋಣೆ, ಉದ್ದ ಮೇಜು. ಮೇಜಿನ ಆಚೆ ನಿವೃತ್ತ ನ್ಯಾಯಾಧೀಶರು. ಈ ಕಡೆ, ಠಾಣೆಯ ದಾಖಲೆಯಿಂದ ಪತ್ತೆಯಾದ ಆ ಸಾಹೇಬರು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ಅವರಿಗೂ ಹೇಳಿಕೊಳ್ಳಲು ಅವಕಾಶ ಕೊಟ್ಟರು, ಕೊಡಲೇಬೇಕು. ಅವರು ಹೇಳಿದರು, “ನಾನು ಮುಟ್ಟೇ ಇಲ್ಲ ಸರ್. ಅವರ ಪೆಟ್ಟಿಗೆನೇ ಅವರ ಕೈ ಮೇಲೆ ಬಿತ್ತು. ಬೇಕಾದರೆ ಆಸ್ಪತ್ರೆ ಚೀಟಿ ನೋಡಿ.”

ಒಂದು ಪದ ಎಲ್ಲಿಂದ ಎಲ್ಲಿಗೆ ಬಂದು ನಿಂತಿತಲ್ಲ!

ನ್ಯಾಯಾಧೀಶರು ಚೀಟಿಯನ್ನು ಕೊನೆಯ ತನಕ ಓದಿದರು, ಕೆಳಗೆ ಡಾಕ್ಟರಮ್ಮ ಸೇರಿಸಿದ್ದನ್ನೂ ಓದಿದರು. ಫೋಟೋ ನೋಡಿದರು. ಠಾಣೆಯ ಬಾಗಿಲಿನ ಕ್ಯಾಮೆರಾ ಚಿತ್ರ ಹಾಕಿಸಿದರು. ಒಳಗೆ ಹೋಗುವಾಗ ಪೆಟ್ಟಿಗೆ ಬಲಗೈಯಲ್ಲಿ, ಬರುವಾಗ ಎಡಗೈಯಲ್ಲಿ, ಬಲಗೈ ಎದೆಗೆ ಒತ್ತಿಕೊಂಡಿದ್ದಾನೆ. ಆಮೇಲೆ ಬೀಗದಣ್ಣನ ಕಡೆ ತಿರುಗಿದರು.

“ನೀವು ಹೇಳಿ. ಏನಾಯ್ತು?”

ಅವನು ಎದ್ದು ನಿಂತ. ದೇವರೇ, ಬಿತ್ತು ಅನ್ನದಿರಲಿ ಅಂತ ಅತ್ತಿಗೆ ಸೆರಗು ಹಿಂಡುತ್ತಿದ್ದಳು. ದನಿ ಅವನಿಗೆ ಆಗಲೇ ಗುರುತು ಸಿಕ್ಕಿತ್ತು. ಅವನು ಈ ಸಲ ಕೀಲಿಗೊಂಚಲು ನೋಡಲಿಲ್ಲ, ಸಾಹೇಬರ ಮುಖವನ್ನೇ ನೋಡಿದ.

“ಈ ಸಾಹೇಬರು ಠಾಣೆಯ ಒಳಗಿನ ಕೋಣೆಯಲ್ಲಿ ನನ್ನ ಬಲಗೈ ಮೇಜಿನ ಮೇಲೆ ಇಡಿಸಿ, ಲಾಠಿಯಿಂದ ಹೊಡೆದರು. ಕಳ್ಳಗೀಲಿ ಮಾಡಿದ್ದು ನೀನೇ ಅಂತ ಒಪ್ಪಿಕೋ ಅಂದರು. ನಾನು ಮಾಡಿರಲಿಲ್ಲ.”

ಮದುವೆಯಾದಾಗಿನಿಂದ ಅವನ ಬಾಯಲ್ಲಿ ಅಷ್ಟು ಉದ್ದದ ಮಾತನ್ನು ಅತ್ತಿಗೆ ಕೇಳಿರಲಿಲ್ಲ.

ಆಮೇಲೆ ಆ ಕಾನ್‌ಸ್ಟೇಬಲ್‌ನನ್ನು ಕರೆದರು. ಅವನು ದೂರಿನ ಪ್ರತಿಯನ್ನು ಮೊದಲೇ ಓದಿದ್ದನಂತೆ. “ಇದರಲ್ಲಿ ನಾನು ನೀರು ಕೊಟ್ಟದ್ದನ್ನೂ ಬರೆದಿದಾರೆ ಸರ್. ಇವರು ಒಂದು ಮಾತೂ ಜಾಸ್ತಿ ಬರೆದಿಲ್ಲ. ನಡೆದದ್ದು ಹೀಗೇ,” ಅಂದ. ತನ್ನ ಅಧಿಕಾರಿಯ ಎದುರಿಗೇ ಅಷ್ಟು ಹೇಳಲು ಅವನಿಗೂ ಧೈರ್ಯ ಬೇಕಾಯಿತು.

ಪ್ರಾಧಿಕಾರ ಆದೇಶ ಕೊಟ್ಟಿತು. ಅಧಿಕಾರಿಯನ್ನು ಕೆಲಸದಿಂದ ಅಮಾನತು ಮಾಡಿದರು, ಇಲಾಖೆ ವಿಚಾರಣೆ ಶುರುವಾಯಿತು, ಕೋರ್ಟಿನಲ್ಲಿ ಕೇಸೂ ಇದೆ. ಅದು ಇನ್ನೂ ನಡೀತಿದೆ, ಇಂಥವಕ್ಕೆ ತಾಳ್ಮೆ ಬೇಕು. ಬೀಗದಣ್ಣನ ಮೇಲೆ ಯಾವ ಆರೋಪವೂ ಇಲ್ಲ ಅಂತ ಇಲಾಖೆಯಿಂದ ಪತ್ರ ಬಂತು. ಅತ್ತಿಗೆ ಅದನ್ನು ಅಂಗಡಿಯ ಬಾಗಿಲಿಗೇ ಅಂಟಿಸಿದಳು. ಓದದೆ ಮುಂದೆ ಹೋದವರನ್ನು ಕೂಗಿ ಕರೆದು ಓದಿಸಿದಳು.

ಟೀಚರ್ ಬಂದು ಬೀರು ಕೀಲಿಯನ್ನು ಮೇಜಿನ ಮೇಲಿಟ್ಟರು. ಮುಖ ಚಿಕ್ಕದಾಗಿತ್ತು. “ಅತ್ತಿಗೆ, ಅವತ್ತು ತಪ್ಪು ತಿಳ್ಕೊಂಡ ಹಾಗಾಗ್ಬಿಡ್ತು...”

“ಯಾರು ತಿಳ್ಕೊಂಡದ್ದು?” ಅಂದಳು ಅತ್ತಿಗೆ.

ಟೀಚರ್ ನಕ್ಕುಬಿಟ್ಟರು. “ನಾನು. ನಾನು ತಪ್ಪು ತಿಳ್ಕೊಂಡೆ.”

ಬೀಗದಣ್ಣ ಕೀಲಿ ಎತ್ತಿಕೊಂಡ. ಮಣಿಕಟ್ಟು ಇನ್ನೂ ಮೊದಲಿನ ಹಾಗೆ ತಿರುಗುವುದಿಲ್ಲ, ನಿಧಾನವಾಗಿ ಉಜ್ಜತೊಡಗಿದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯವರು ಠಾಣೆಯಿಂದ ನೋವು ತಿಂದು ಬಂದು ‘ಬಿತ್ತು’ ಅಂದರೆ, ಅಲ್ಲಿಗೇ ಬಿಡಬೇಡಿ. ಯಾರು ಹೊಡೆದರು ಅಂತ ಕೇಳಿ. ಅವತ್ತೇ ಡಾಕ್ಟರಿಗೆ ಪೂರ್ತಿ ಹೇಳಿ, ಅವರು ಬರೆದದ್ದನ್ನು ಓದಿಸಿಕೊಳ್ಳಿ. ಗಾಯದ ಫೋಟೋ ತೆಗೆಸಿ, ಬಟ್ಟೆ ಒಗೆಯಬೇಡಿ, ಕ್ಯಾಮೆರಾ ಚಿತ್ರ ಉಳಿಸಿ ಅಂತ ಬೇಗ ಅರ್ಜಿ ಕೊಡಿ, ಕೊಟ್ಟದ್ದಕ್ಕೆಲ್ಲ ಮುದ್ರೆ ಹಾಕಿಸಿಕೊಳ್ಳಿ. ಪುಕ್ಕಟೆ ಕಾನೂನು ನೆರವು ಸಿಗುತ್ತೆ, ಕೇಳಲು ನಾಚಿಕೆ ಬೇಡ. ಇದ್ದದ್ದನ್ನು ಇದ್ದಷ್ಟೇ ಹೇಳಿ, ಒಳ್ಳೆಯದು ಮಾಡಿದ ಪೊಲೀಸರನ್ನೂ ಬಿಡದೆ ಹೇಳಿ. ‘ಬಿತ್ತು’ ಅಂದರೆ ಯಾರ ಕೈಯೂ ಕಾಣಿಸುವುದಿಲ್ಲ. ‘ಇವರು ಹೊಡೆದರು’ ಅಂದರೆ ಮಾತ್ರ, ಅವರು ಉತ್ತರ ಕೊಡಬೇಕಾಗುತ್ತೆ.