ವರ್ಷತೊಡಕಿನ ಮೊಲ

"ಮೊಲ ಹುಟ್ಟಿದ್ಮ್ಯಾಲೆ ಒಂದೇ ಸಲ ಕೂಗದು ಕಣ್ಲಾ," ಅಂದಳು ದೊಡ್ಡತಾಯಮ್ಮ. ಮೊಮ್ಮಗ ಶಾಂತರಾಜು ಲಗೇಜ್ ಆಟೊದಿಂದ ಪಂಜರ ಇಳಿಸಿ ಜಗಲಿ ಮೇಲೆ ಇಟ್ಟಿದ್ದನಷ್ಟೆ. "ಅದು ಯಾವತ್ತು ಅಂತ ನನ್ ಬಾಯಲ್ಲಿ ಏಳಿಸ್ಬ್ಯಾಡ. ಎಲ್ಲಿಂದ ತಂದ್ಯೋ ಅಲ್ಲಿಗೇ ಬುಟ್ಬುಟ್ ಬಾ."

"ಬುಡಕಿಲ್ಲ. ಸಾಕ್ತೀನಿ."

"ನಿನ್ ಕೈಯಲ್ಲಿ ಜೀವ ನಿಲ್ಲಕಿಲ್ವಲ್ಲೋ, ಸಾಂತ."

ಇದೊಂದು ಮಾತು ಅವನ ಬೆನ್ನು ಬಿಟ್ಟದ್ದೇ ಇಲ್ಲ. ಚಿಕ್ಕವನಿದ್ದಾಗ ಅವನು ಸಾಕಿದ ಕೋಳಿಮರಿಗಳು ಬುಟ್ಟಿಯಲ್ಲೇ ಸತ್ತವು. ಅವನು ಎಳೆದು ಹೆರಿಗೆ ಮಾಡಿಸಿದ ಕರು ಮೇಲೇಳಲಿಲ್ಲ. ಅವನ ಕೈಗುಣ ಸರಿಯಿಲ್ಲ ಎಂದು ಹರದನಹಳ್ಳಿ ಅವತ್ತೇ ತೀರ್ಮಾನ ಮಾಡಿತು. ಅಂದಿನಿಂದ ಆಲೂಗಡ್ಡೆ ಬಿತ್ತನೆಯ ದಿನ ಮೊದಲ ಬೀಜ ಸಾಲಿಗೆ ಬೀಳುವ ತನಕ ಅವನನ್ನು ಟೀ ತರಲು ಕಳಿಸುತ್ತಾರೆ. ಅವನ ಹೊಲ, ಅವನ ಬೀಜ, ಬಿತ್ತುವ ಕೈ ಮಾತ್ರ ಬೇರೆಯವರದು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದದ್ದನ್ನಾದರೂ ಅವನು ಮರೆತಾನು, ಆ ಟೀ ಕ್ಯಾನು ಮರೆಯುವವನಲ್ಲ.

ಮೊಲ ಹಾಸನದ ಷಡಕ್ಷರಿಯವರ ಮನೆಯದು. ಅವರ ಹಾರ್ಡ್‌ವೇರ್ ಅಂಗಡಿಗೆ ಶಾಂತರಾಜು ಆಟೊ ಓಡಿಸುತ್ತಾನೆ. ಷಡಕ್ಷರಿಯವರ ಮಗಳು ಮಾನ್ಯ ಹಟ ಹಿಡಿದು ಮೊಲ ತರಿಸಿಕೊಂಡಿದ್ದಳು. ಅದು ಸೋಫಾ ಕಡಿಯಿತು, ಮನೆಯವರಿಗೆ ಬೇಸರವಾಯಿತು. "ಹೋಗ್ತಾ ಎಲ್ಲಾದ್ರೂ ಹೊಲದಲ್ಲಿ ಬಿಟ್ಬಿಡು, ಬದುಕ್ಕೊಳ್ತದೆ," ಅಂದರು ಷಡಕ್ಷರಿ. ಹಳೇ ಫ್ರಿಡ್ಜು, ಹಳೇ ಮಂಚ, ಈಗ ಹಳೇ ಮೊಲ. ಪೇಟೆಯವರಿಗೆ ಬೇಡವಾದದ್ದೆಲ್ಲ ಹಳ್ಳಿಯವನ ಆಟೊ ಹತ್ತುತ್ತದೆ. ಬಿಳೀ ಮೈ, ಕೆಂಪು ಕಣ್ಣು, ಮುಷ್ಟಿಯಷ್ಟು ಎದೆಯೊಳಗೆ ಡವಡವ. ಹೊಲಕ್ಕೆ ಬಿಟ್ಟರೆ ನಾಯಿಗಳಿಗೆ ಒಂದು ಬಾಯಿಗೂ ಸಾಲದು. ಅವನಿಗೆ ಬಿಡಲಾಗಲಿಲ್ಲ. ಇದೊಂದು ಬದುಕಿಬಿಡಲಿ, ಆಮೇಲೆ ನನ್ನ ಕೈಯ ಬಗ್ಗೆ ಯಾವನು ಬಾಯಿ ಬಿಡ್ತಾನೋ ನೋಡ್ತೀನಿ ಅಂದುಕೊಂಡ.

ಯುಗಾದಿ ಹತ್ತಿರ ಬಂದಿತ್ತು. ಯುಗಾದಿಯ ಮಾರನೇ ದಿನ ವರ್ಷತೊಡಕು, ಊರಿಗೆ ಊರೇ ಬಾಡು ತಿನ್ನುವ ದಿನ. ಕುರಿ ತಂದು, ಕಡಿದು, ಹತ್ತಾರು ಮನೆಗೆ ಪಾಲಿನ ಗುಡ್ಡೆ ಹಾಕಿ ಹಂಚುವ ಯಜಮಾನಿಕೆ ಚಿಕ್ಕಪ್ಪ ದೇವರಾಜನದು. ಅವನು ಜಗಲಿ ಹತ್ತಿ ಬಂದು ಪಂಜರದೊಳಗೆ ಕೈ ಹಾಕಿದ. ಸಂತೆಯಲ್ಲಿ ಕುರಿ ನೋಡುವವನ ಹಾಗೆ ಮೊಲದ ಬೆನ್ನನ್ನು ಹೆಬ್ಬೆರಳಲ್ಲಿ ಒತ್ತಿದ.

"ಬೆನ್ನು ಚೆನ್ನಾಗದೆ. ಹಬ್ಬದೊತ್ಗೆ ಇನ್ನೊಸಿ ತುಂಬ್ಕತದೆ. ಮೇಯ್ಸು, ಮೇಯ್ಸು."

"ಮುಟ್ಬ್ಯಾಡ ಚಿಗಪ್ಪ."

"ಏನ್ಲಾ, ತಮಾಸೆ ಮಾಡಂಗಿಲ್ವಾ? ಈ ಸಲ ಕುರಿ ಸಣ್ದು ಕಣಪ್ಪ, ಒಂದ್ ಗುಡ್ಡೆ ಕಮ್ಮಿ ಬಿದ್ರೂ ಬೀಳ್ಬೋದು."

ಜಗಲಿಯಲ್ಲಿದ್ದವರು ನಕ್ಕರು. ಶಾಂತರಾಜುವಿಗೆ ಚಿಕ್ಕಪ್ಪನ ಹೆಬ್ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ. ಅವತ್ತೇ ಪಂಜರವನ್ನು ಹಿತ್ತಲಿನ ಆಲೂಗಡ್ಡೆ ಕೋಣೆಗೆ ಸಾಗಿಸಿ ಬೀಗ ಜಡಿದ. ಬೀಗದ ಕೈ ಉಡುದಾರಕ್ಕೆ ಹೋಯಿತು.

ಕತ್ತಲ ಕೋಣೆ, ಹಳೇ ಗೆಡ್ಡೆಯ ಮುಗ್ಗುಲು ವಾಸನೆ. ಹೊತ್ತು ಹೊತ್ತಿಗೆ ಅವನು ಎಲೆಕೋಸು, ಕ್ಯಾರೆಟ್ಟು, ಹಸುವಿನ ಬೂಸಾ ತಂದು ಸುರಿದ. ಹುಲ್ಲಿನ ಯೋಚನೆ ಬರಲೇ ಇಲ್ಲ. ಪೇಟೆಯಲ್ಲಿ ಬೆಳೆದ ಮೊಲ ಹುಲ್ಲು ತಿಂದೀತೇ? ಅದು ಮೊದಮೊದಲು ಗಬಗಬ ತಿಂದಿತು. ಆಮೇಲೆ ಹಿಕ್ಕೆ ಸಣ್ಣದಾಯಿತು. ಯುಗಾದಿಗೆ ಮುಂಚಿನ ದಿನ ಹಿಕ್ಕೆಯೇ ಇಲ್ಲ. ಮುಟ್ಟಿದರೆ ಹೊಟ್ಟೆ ತಮಟೆಯಷ್ಟು ಬಿಗಿ. ಮೊಲ ಮೂಲೆಗೆ ಮುಖ ಹಾಕಿ ಕೂತು ಹಲ್ಲು ಕಡಿಯತೊಡಗಿತು, ಕಿರ್, ಕಿರ್ ಅಂತ.

ಹೊಟ್ಟೆ ಉಬ್ಬಿದರೆ ಆ ಮನೆಯಲ್ಲಿ ಮದ್ದು ಒಂದೇ, ಲಂಘನ. ಕರುವಿಗೂ ಅದೇ, ಕೂಸಿಗೂ ಅದೇ. "ಕಾಯ್ಲೆಗೆ ಉಣ್ಣಕ್ಕಿಕ್ಬ್ಯಾಡ್ದು, ಅದೇ ಅಸ್ಕಂಡು ಓಡೋಯ್ತದೆ" ಎಂದು ಅಜ್ಜಿ ಹೇಳುವುದನ್ನು ಕೇಳುತ್ತಲೇ ಅವನು ಬೆಳೆದವನು. ಅಜ್ಜಿಗೆ ಈಗ ಹೇಳಿದರೆ ಮತ್ತೆ ಕೈಯ ಮಾತು ತೆಗೆಯುತ್ತಾಳೆ. ಯಾರಿಗೂ ಹೇಳದೆ ಪಂಜರದಲ್ಲಿದ್ದ ಒಂದೊಂದು ಎಲೆಯನ್ನೂ ಹೆಕ್ಕಿ ತೆಗೆದ, ಒದ್ದೆ ಬಟ್ಟೆಯಲ್ಲಿ ತಳ ಒರೆಸಿದ, ಓಮದ ನೀರು ಮಾತ್ರ ಇಟ್ಟ.

ಯುಗಾದಿ ಕಳೆಯಿತು. ಮನೆಯವರು ಹೋಳಿಗೆ ತಿಂದರು, ಮೊಲ ಲಂಘನದಲ್ಲಿತ್ತು. ಸಂಜೆ ಇಣುಕಿದಾಗ ಮುಟ್ಟಿದರೆ ಅದರ ಕಿವಿಗಳು ತಣ್ಣಗಿದ್ದವು. ಕಾಯಿಲೆ ಇಳೀತಿದೆ ಎಂದು ಅವನು ಧೈರ್ಯ ತಂದುಕೊಂಡ.

ವರ್ಷತೊಡಕಿನ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಮುತ್ತುಗದ ಎಲೆ ಹಾಸಿ ಗುಡ್ಡೆ ಹಾಕುತ್ತಿದ್ದರು. ದೇವರಾಜನ ಕೈ ಮೊಣಕೈವರೆಗೆ ಕೆಂಪಾಗಿತ್ತು.

"ನಿನ್ ಮೊಲ ಎಂಗದ್ಲಾ ಸಾಂತ?"

"ನಿಂಗ್ಯಾಕೆ?"

"ಕೇಳುದ್ರೆ ಸವೆದೋಯ್ತದಾ?"

ಶಾಂತರಾಜು ದೂರ ಹೋಗಿ ನಿಂತು ಷಡಕ್ಷರಿಯವರ ಮನೆಗೆ ಫೋನು ಹಚ್ಚಿದ. ಎತ್ತಿದವಳು ಮಾನ್ಯ.

"ಮೊಲ ಸ್ವಲ್ಪ ಸಪ್ಪಗದೆ ಕಣವ್ವ. ಹೊಟ್ಟೆ ಉಬ್ಬಿತ್ತು, ಲಂಘನ ಹಾಕಿದೀನಿ."

"ಹಂಗಂದ್ರೆ?"

"ಉಪವಾಸ."

ಆ ಕಡೆ ಹುಡುಗಿಯ ದನಿ ಸಣ್ಣಗಾಯಿತು. "ಅಣ್ಣ, ಮೊಲದ ಹೊಟ್ಟೆ ನಿಲ್ಲಬಾರ್ದು. ಹುಲ್ಲು ಯಾವಾಗ್ಲೂ ಬಾಯಲ್ಲಿ ಇರ್ಲೇಬೇಕು. ಒಂದು ದಿನ ತಿನ್ದೇ ಇದ್ರೂ ಅದು ಉಳಿಯಲ್ಲ. ಡಾಕ್ಟರ್ ಹೇಳಿದ್ರು ನಮ್ಗೆ."

"ಅವತ್ತೇ ಹೇಳ್ಬಾರ್ದಿತ್ತಾ?"

"ನೀವು ಹೊಲಕ್ಕೆ ಬಿಡ್ತೀರ ಅಂದ್ಕೊಂಡಿದ್ದೆ."

ಫೋನು ಜೇಬಿಗೆ ಹಾಕಿ ತಿರುಗಿದರೆ ಹೊಂಗೆ ಮರದ ಕೆಳಗೆ ಅರ್ಧ ಹಾಕಿದ ಗುಡ್ಡೆಗಳಿದ್ದವು, ದೇವರಾಜ ಇರಲಿಲ್ಲ. ಅವನ ಮಚ್ಚೂ ಇರಲಿಲ್ಲ.

ಶಾಂತರಾಜು ಓಡಿದ. ಹಿತ್ತಲಿನ ಕೋಣೆಯ ಬಾಗಿಲು ತೆರೆದಿತ್ತು. ಹಾಕಿದ ಬೀಗ ಹಾಕಿದಂತೆಯೇ ಇತ್ತು, ಚಿಲಕವೇ ಮರದಿಂದ ಕಿತ್ತು ಜೋತಾಡುತ್ತಿತ್ತು. ಹೊಸ್ತಿಲ ಮೇಲೆ ರಕ್ತದ ಮಚ್ಚು. ಒಳಗೆ, ಬೆನ್ನು ಈಚೆ ಮಾಡಿ ದೇವರಾಜ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮಡಿಲಲ್ಲಿ ಬಿಳಿ ಮೈ, ಬಿಳಿಯ ಮೇಲೆ ಕೆಂಪು ಬೆರಳಚ್ಚು.

"ಮೆತ್ಗೆ ಕಣ್ಲಾ, ಎದ್ರಿಸ್ಬ್ಯಾ…" ಎಂದು ದೇವರಾಜ ತಿರುಗುವಷ್ಟರಲ್ಲಿ ಶಾಂತರಾಜು ಎರಡೂ ಕಿವಿ ಹಿಡಿದು ಎಳೆದುಕೊಂಡಿದ್ದ. ನೇತಾಡಿದ ಮೊಲ ಹಿಂಗಾಲನ್ನು ಗಾಳಿಯಲ್ಲಿ ಝಾಡಿಸಿ ಒದ್ದಿತು, ಒಂದೇ ಒದೆತ. ಅದರ ಬೆನ್ನೊಳಗೆ ಒಣಗಿದ ಹರಳುಕಡ್ಡಿ ಮುರಿದಂಥ ಸಪ್ಪಳ ಅವನ ಅಂಗೈಗೆ ತಾಗಿತು.

ಆಗ ಅದು ಕೂಗಿತು. ಥೇಟ್ ಕೂಸಿನ ಕೂಗು. ಹೊಂಗೆ ಮರದ ಕೆಳಗಿನ ಗದ್ದಲವೂ ನಿಂತುಹೋಯಿತು.

ದೇವರಾಜನ ಪಂಚೆಯಿಂದ ಹಸಿರು ಗರಿಕೆಯ ಕಟ್ಟೊಂದು ನೆಲಕ್ಕೆ ಉದುರಿತು. ಅರ್ಧ ಕಡಿದ ಎಸಳುಗಳು, ಎಂಜಲಿನ ಒದ್ದೆ. ಗೋಡೆಯ ಮೂಲೆಯಲ್ಲಿ ಅಜ್ಜಿ ನಿಂತಿದ್ದು ಅವನಿಗೆ ಕಂಡದ್ದೇ ಈಗ.

"ಅಲ್ಲು ಕಡಿಯೋದು ಗ್ವಾಡೆಯಿಂದೀಚ್ಗೆ ಕೇಳ್ತಿತ್ತು," ಅಂದಳು ಅವಳು, ಬಹಳ ಮೆಲ್ಲಗೆ. "ನೀನ್ ಸಿಗ್ನಿಲ್ಲ. ನಾನೇ ಇವ್ನ ಕರ್ಸಿ ಚಿಲ್ಕ ಕೀಳಿಸ್ದೆ. ಮೂಸೂ ನೋಡ್ತಿರ್ನಿಲ್ಲ ಕಣೋ. ಈಗ ತಿಂತಿತ್ತು. ಈಗಿನ್ನೂ ತಿಂತಿತ್ತು."

ಶಾಂತರಾಜು ಮೊಲವನ್ನು ಗೋಣಿಚೀಲದ ಮೇಲೆ ಮಲಗಿಸಿದ. ಹಿಂಗಾಲು ಎರಡೂ ಒದ್ದೆ ಬಟ್ಟೆಯ ಹಾಗೆ ಒಂದು ಕಡೆಗೆ ಬಿದ್ದುಕೊಂಡವು. ಬಾಯಿ ಮಾತ್ರ ಅಲುಗುತ್ತಿತ್ತು. ತುಟಿಯ ಸಂದಿಯಲ್ಲಿ ಸಿಕ್ಕಿದ್ದ ಗರಿಕೆಯ ಎಸಳು ಚೂರುಚೂರೇ ಒಳಗೆ ಹೋಗುತ್ತಿತ್ತು.

ದೇವರಾಜ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಎಸಳು ಆಯ್ದು ಶಾಂತರಾಜುವಿನ ಮುಂದೆ ಹಿಡಿದ. "ಕೊಡ್ಲಾ. ನಿಂದಲ್ವಾ ಮೊಲ."

ಶಾಂತರಾಜು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ತಾಗುವವರೆಗೆ ಹಿಂದಕ್ಕೆ ಸರಿದ.

"ನೀನೇ ಕೊಡು ಚಿಗಪ್ಪ," ಅಂದ.