ಏಳನೆಯ ಗುಂಡಿ

ಏಳನೆಯ ಗುಂಡಿ ತಳಕ್ಕೆ ಇಳಿದಿರುವುದನ್ನು ಮಗಳು ಗಮನಿಸಿದ್ದು ಮೂರನೆಯ ಹಾಡಿನ ನಡುವೆ. ಸಂಜೆ ಬಿಸಿಲು ಶಬ್ದ ಹೊಂದಿಸುವ ಮಿಕ್ಸರಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ಅಂಗೈ ಅಡ್ಡ ಹಿಡಿದಾಗಲೇ ಸರಿಯಾಗಿ ಕಂಡಿತು. ಮೇಲಕ್ಕೆ ಜಾರಿಸಿದರೆ ಶಬ್ದ ಏರುವ ಉದ್ದ ಸಾಲಿನ ಗುಂಡಿಗಳು. ಒಂದೊಂದರ ಕೆಳಗೂ ಬಿಳಿ ಪಟ್ಟಿ, ಅದರ ಮೇಲೆ ಕೈಬರಹ: ಡ್ರಮ್ಸ್, ಬೇಸ್, ಗಾಯಕ. ಏಳನೆಯದರ ಕೆಳಗೆ ‘ತಾತ’. ಬ್ಯಾಂಡಿನ ಕೆಲಸಗಾರರು ಅವಳ ಅಪ್ಪನನ್ನು ಕರೆಯುತ್ತಿದ್ದುದು ಹಾಗೆ.

ದೂರದ ವೇದಿಕೆಯಲ್ಲಿ ಎಪ್ಪತ್ತೆರಡರ ಅಪ್ಪ ಗಿಟಾರಿನ ಮೇಲೆ ಬಾಗಿ ನುಡಿಸುತ್ತಿದ್ದ. ಸ್ಟೇಡಿಯಂ ತುಂಬ ಅದೇ ಗಿಟಾರು ಮೊಳಗುತ್ತಿತ್ತು.

“ಇದು ಪೂರ್ತಿ ಕೆಳಗಿದೆಯಲ್ಲ ಸರ್? ಮತ್ತೆ ಶಬ್ದ ಎಲ್ಲಿಂದ ಬರ್ತಿದೆ?”

ಮಿಕ್ಸರಿನವನು ಚೂಯಿಂಗ್ ಗಮ್ಮನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. “ಅಲ್ಲಿ ಕರೀ ಪರದೆ ಕಾಣಿಸ್ತಿದೆಯಾ ಮೇಡಂ? ಅದರ ಹಿಂದೆ ಒಬ್ಬರು ಕೂತಿದ್ದಾರೆ. ನೀವು ಕೇಳ್ತಿರೋದು ಅವರ ಗಿಟಾರು. ಈ ಎಂಟನೇ ಗುಂಡಿ. ನಾಲ್ಕು ವರ್ಷ ಆಯ್ತು.”

“ಅಪ್ಪನಿಗೆ ಗೊತ್ತಾ?”

“ಅವರ ಕಿವಿಯೊಳಗಿನ ಸ್ಪೀಕರಿಗೂ ಬೇರೆ ಲೈನಲ್ಲಿ ಅದನ್ನೇ ಬಿಡ್ತೀವಿ. ತಾವೇ ನುಡಿಸ್ತಿದ್ದೀವಿ ಅಂದ್ಕೊಂಡಿದ್ದಾರೆ. ಹುಲಿಗೆ ಹಲ್ಲು ಉದುರಿದ್ರೂ ಪೋಸ್ಟರಿಗೆ ಹುಲೀನೇ ಬೇಕಲ್ಲ!”

ಅವಳು ಪಕ್ಕದ ಕುರ್ಚಿಯತ್ತ ತಿರುಗಿದಳು. ಅಮ್ಮ ಹಾಡಿಗೆ ಸರಿಯಾಗಿ ಪಾದ ಕುಣಿಸುತ್ತಿದ್ದಳು.

“ನನ್ನನ್ನ ಕೇಳಿಯೇ ಮಾಡಿದ್ದು ಕಣೇ,” ಎಂದಳು ಅಮ್ಮ. “ಧಾರಾಳವಾಗಿ ಮಾಡಿ ಅಂದೆ. ಮನೇಲಿ ಕೂತ್ಕೊಂಡ್ರೆ ಅವರನ್ನ ಯಾರು ಸಹಿಸ್ಕೋತಾರೆ? ನೀನೇನಾದ್ರೂ ಕರ್ಕೊಂಡು ಹೋಗ್ತೀಯಾ?”

ಕಿವಿಯ ಪರೀಕ್ಷೆ ಮಾಡಿ ಶ್ರವಣಯಂತ್ರ ಹೊಂದಿಸಿಕೊಡುವುದು ಮಗಳ ಕೆಲಸ. ದಿನಕ್ಕೆ ಹತ್ತಾರು ಮುದುಕರ ಮುಂದೆ ಕಿವಿ ಮಂದವಾದದ್ದನ್ನು ತೋರಿಸುವ ಇಳಿಜಾರಿನ ರೇಖೆಯೊಂದನ್ನು ಹಿಡಿದು, ಅವರು ಒಪ್ಪದ ಸತ್ಯವನ್ನು ಮೆಲ್ಲಗೆ ಒಪ್ಪಿಸುತ್ತಿದ್ದಳು. ಆ ಮೆಲುದನಿಯನ್ನು ಅವಳು ಅಪ್ಪನಿಂದ ಕಲಿತಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಅವನು ತನ್ನ ಗೆಳೆಯರ ಮುಂದೆ ನಿಲ್ಲಿಸಿ ಅವಳಿಂದ ಗಿಟಾರು ನುಡಿಸಿದ್ದ. “ನೋಡ್ರೋ, ಕಾಲು ಮುರಿದ ಮೇಜು ನಡೆದ ಹಾಗಿದೆ!” ಎಂದಿದ್ದ. ಎಲ್ಲರೂ ನಕ್ಕರು. ತಡವಾಗಿ ಬಂದವರೂ ನಗಲಿ ಎಂದು ಅವಳಿಂದ ಅದನ್ನೇ ಇನ್ನೊಮ್ಮೆ ನುಡಿಸಿದ. ಅವಳು ಆಮೇಲೆ ಗಿಟಾರು ಮುಟ್ಟಲಿಲ್ಲ. ಮೊನ್ನೆ ಪಾಸು ಕೊಡುವಾಗಲೂ ಹೇಳಿದ್ದ: “ನಿನಗೆ ಕಿವಿ ಇಲ್ಲ, ಗೊತ್ತು. ಆದ್ರೂ ಬಾ. ಕಣ್ಣಾದ್ರೂ ಇದೆಯಲ್ಲ.”

ಆರನೆಯ ಹಾಡಿನಲ್ಲಿ ಉಳಿದವರೆಲ್ಲ ನಿಲ್ಲಿಸಿದರು. ಅಪ್ಪನೊಬ್ಬನೇ ವೇದಿಕೆಯ ಅಂಚಿಗೆ ಬಂದ. ನಲವತ್ತು ವರ್ಷದಿಂದ ಜನ ಎದ್ದು ನಿಂತು ಕೇಳುತ್ತಿದ್ದ ಗಿಟಾರಿನ ಸಾಲು ಅದು, ಈಗಲೂ ಎದ್ದರು. ಮಿಕ್ಸರಿನವನು ನೀರಿನ ಬಾಟಲಿಗೆ ಬಾಗಿದ್ದ. ಅವಳು ಎಡಗೈಯಿಂದ ಎಂಟನೆಯ ಗುಂಡಿಯನ್ನು ಕೆಳಕ್ಕೆಳೆದಳು, ಬಲಗೈಯಿಂದ ಏಳನೆಯದನ್ನು ಮೇಲಕ್ಕೆ ತಳ್ಳಿದಳು.

ಅರ್ಧ ಒತ್ತಿದ ತಂತಿಯ ಗೊರಗೊರ. ಒಂದು ಸ್ವರ ತಡ, ಮುಂದಿನದು ಅದರ ಬೆನ್ನಿಗೆ ಎಡವಿ ಬಿದ್ದಂತೆ. ಶಬ್ದಕ್ಕೆ ಆ ಮೈದಾನ ದಾಟಲು ಅರ್ಧ ಸೆಕೆಂಡು ಸಾಕು. ನಗು ನಿಧಾನವಾಗಿ ಬಂತು. ಮುಂದಿನ ಸಾಲುಗಳಲ್ಲಿ ಹುಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು. “ತಾತಾ, ಹೋಗಿ ಮಲ್ಕೋ!” ಎಂದು ಯಾರೋ ಕೂಗಿದರು. ಸಾವಿರಾರು ಮೊಬೈಲುಗಳು ಮೇಲೆದ್ದವು.

ಅಪ್ಪನ ಕಿವಿಯೊಳಗೆ ಮಾತ್ರ ಪರದೆಯ ಹಿಂದಿನವನು ಚೆನ್ನಾಗಿಯೇ ನುಡಿಸುತ್ತಿದ್ದ. ಮೊಬೈಲುಗಳನ್ನು ಕಂಡು ಅಪ್ಪ ಗಲ್ಲ ಎತ್ತಿದ, ಕೊನೆಯ ಸಾಲನ್ನು ಇನ್ನೊಮ್ಮೆ ನುಡಿಸಿದ.

“ಅಯ್ಯೋ ಮೇಡಂ!” ಎಂದು ಮಿಕ್ಸರಿನವನು ಏಳುವಷ್ಟರಲ್ಲಿ ಅಮ್ಮನ ಕೈ ಏಳನೆಯ ಗುಂಡಿಯನ್ನು ಕೆಳಕ್ಕೆ ಎಳೆದು, ಎಂಟನೆಯದನ್ನು ಮೇಲೇರಿಸಿತ್ತು.

“ಹೊಟ್ಟೆ ತುಂಬ್ತಾ?” ಎಂದಳು ಅಮ್ಮ. ಅವಳ ಪಾದ ಮತ್ತೆ ಕುಣಿಯತೊಡಗಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. “ನೋಡಿದ್ಯೇನೇ? ಎಲ್ರೂ ಮೊಬೈಲ್ ಎತ್ತಿದ್ರು! ಎಷ್ಟೋ ವರ್ಷ ಆಗಿತ್ತು ಜನ ಹಾಗೆ ಕುಣಿದು.”

“ನೋಡಿದೆ ಅಪ್ಪ.”

ಅವನು ಕಿವಿಯಿಂದ ಪುಟ್ಟ ಸ್ಪೀಕರುಗಳನ್ನು ಕಿತ್ತು ಡಬ್ಬಿಯಲ್ಲಿಟ್ಟ. ಹೊರಗಿನ ಹಾದಿಯಲ್ಲಿ ಕೆಲಸಗಾರರು ಗುಂಪುಗೂಡಿ ಮೊಬೈಲಿನಲ್ಲಿ ಏನನ್ನೋ ಕೇಳುತ್ತಿದ್ದರು. ಗೊರಗೊರ ಎಂಬ ತಂತಿ, ಅದುಮಿಟ್ಟ ನಗು. ಅಪ್ಪ ತಲೆ ಓರೆ ಮಾಡಿ ಆಲಿಸಿದ.

“ಯಾವನೋ ಅದು, ನಮ್ಮ ಹಾಡಿನ ಪ್ರಾಣ ತೆಗೀತಿರೋದು?” ಎಂದು ಕೂಗಿದ. ಹೊರಗೆ ನಗು ಥಟ್ಟನೆ ನಿಂತಿತು. ಅಪ್ಪ ಮಗಳ ಕಡೆ ತಿರುಗಿ ತೊಡೆ ತಟ್ಟಿಕೊಂಡ. “ಕಾಲು ಮುರಿದ ಮೇಜು! ಥೇಟ್ ನಿನ್ನ ಹಾಗೇ ಕಣೇ! ಏಯ್, ಇನ್ನೊಂದ್ಸಲ ಹಾಕ್ರೋ, ಇವಳಮ್ಮನೂ ಕೇಳ್ಲಿ.”

ಹೊರಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಹಾಕಿದರು.

ಪಕ್ಕದಲ್ಲಿದ್ದ ಅಮ್ಮ ಅವನ ಕೈಯಿಂದ ಟವೆಲು ತೆಗೆದುಕೊಂಡು ನಾಲ್ಕಾಗಿ ಮಡಚಿದಳು. ಅಪ್ಪ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ಮೇಜಿನ ಅಂಚಿನಲ್ಲಿ ಅವನ ಎಡಗೈ ಬೆರಳುಗಳು ತಮ್ಮಷ್ಟಕ್ಕೆ ಆ ಸಾಲನ್ನು ಹಿಂಬಾಲಿಸುತ್ತಿದ್ದವು; ಮೊಬೈಲಿನಲ್ಲಿ ಎಡವಿದ ಕಡೆಯಲ್ಲೆಲ್ಲ ಅವೂ ಎಡವುತ್ತಿದ್ದವು.