ಟ್ರಯಲ್ ರೂಮಿನ ಕನ್ನಡಿಗೆ ಅಂಟಿಸಿದ ಮೆಸೇಜು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೆಸೇಜು ಬಂದ ಕ್ಷಣದಿಂದ ಮಾಡಿದರೆ "ಅಯ್ಯೋ, ಇದು ಗೊತ್ತಿರೋದೇ" ಎಂದು ನೀವು ಪುಟ ತಿರುಗಿಸುತ್ತೀರಿ. ದುಡ್ಡು ಹೋದಲ್ಲಿಂದ ಮಾಡಿದರೆ ನನ್ನ ಚಿಕ್ಕಮ್ಮನನ್ನು ದಡ್ಡಿ ಅಂದುಕೊಳ್ಳುತ್ತೀರಿ. ಅದಕ್ಕವಳು ಬೈಯುವುದು ನಿಮ್ಮನ್ನಲ್ಲ, ನನ್ನನ್ನು. ಹಾಗಾಗಿ ಅವಳ ಅಂಗಡಿಯಿಂದ ಶುರು ಮಾಡುತ್ತೇನೆ.

೨
ಅಂಗಡಿ ಎಂದರೆ ಒಂದೇ ಕೋಣೆ. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಮೂಲೆಯಲ್ಲಿ ಪರದೆ ಕಟ್ಟಿದ ಟ್ರಯಲ್ ರೂಮು. ರೆಡಿಮೇಡ್ ಬಟ್ಟೆಗಳನ್ನು ಆಲ್ಟರ್ ಮಾಡುವುದು ಅವಳ ಕೆಲಸ: ದಪ್ಪಗಾದವರಿಗೆ ಬಿಚ್ಚಿ, ಸಣ್ಣಗಾದವರಿಗೆ ಹಿಡಿದು. ಅಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಚುತ್ತಿದ್ದಾಗ ಫೋನು ಸದ್ದು ಮಾಡಿತು. 'ನಿಮ್ಮ ಖಾತೆಯಿಂದ ಹಣ ವರ್ಗಾವಣೆಯಾಗುತ್ತಿದೆ. ನೀವಲ್ಲದಿದ್ದರೆ ಕೂಡಲೇ ಈ ಲಿಂಕ್ ಒತ್ತಿ.'

ಬಂದದ್ದು ಗುರುತಿಲ್ಲದ ನಂಬರಿನಿಂದಲ್ಲ. ಬ್ಯಾಂಕಿನ ಅಸಲಿ ಮೆಸೇಜುಗಳ ಸಾಲಿನಲ್ಲೇ, ಅದೇ ಹೆಸರಿನಡಿ. (ಕಳ್ಳರು ಹೆಸರನ್ನೂ ಕದಿಯಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನಿಮಗಿತ್ತೇ? ನಿಜ ಹೇಳಿ.)

೩
ಮೊದಲ ಡ್ರಾಫ್ಟಿನಲ್ಲಿ ನಾನು ಬರೆದದ್ದು: 'ಅವಳ ಕೈ ನಡುಗಿತು. ಕಣ್ಣೀರು ಫೋನಿನ ಮೇಲೆ ಬಿತ್ತು.'

ಓದಿ ಹೇಳಿದೆ. ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

"ಲೇ, ನಾನ್ಯಾವಾಗ ಅತ್ತಿದ್ದು?"

"ಕಥೆಗೆ ಸ್ವಲ್ಪ ಕರುಣೆ ಬೇಕು, ಚಿಕ್ಕಮ್ಮ."

"ಕರುಣೆ ಬೇಕಿದ್ರೆ ನಿನ್ನ ಬಗ್ಗೆ ಬರ್ಕೋ. ನಂದು ಆಗಿದ್ದಷ್ಟನ್ನ ಬರಿ."

ಡ್ರಾಫ್ಟು ಚಿಂದಿಬಟ್ಟೆಯ ಬುಟ್ಟಿಗೆ ಹೋಯಿತು.

೪
ಆಗಿದ್ದಿಷ್ಟು. ಲಿಂಕ್ ಒತ್ತಿದಳು, ಕಾರ್ಡಿನ ವಿವರ ತುಂಬಿದಳು. ಹಿಂದೆಯೇ ಒಬ್ಬನ ಫೋನು ಬಂತು. ಬ್ಯಾಂಕಿನ ಸೆಕ್ಯುರಿಟಿಯವನಂತೆ. ಬೆಣ್ಣೆಯಂಥ ಮಾತು.

"ಗಾಬರಿ ಆಗ್ಬೇಡಿ ಅಮ್ಮ, ನಾನಿದೀನಿ. ಈಗೊಂದು ಓಟಿಪಿ ಬರುತ್ತೆ, ಹೇಳಿ."

ಹೇಳಿದಳು. ಹೊಸ ಯಂತ್ರಕ್ಕೆಂದು ಕೂಡಿಟ್ಟದ್ದರಲ್ಲಿ ಅರ್ಧ ಹಾರಿಹೋಯಿತು.

"ಇನ್ನೊಂದು ಬರುತ್ತೆ, ಅದನ್ನೂ ಹೇಳ್ಬಿಡಿ. ಫೋನ್ ಇಡ್ಬೇಡಿ. ಮನೇಲಿ ಯಾರಿಗೂ ಹೇಳ್ಬೇಡಿ."

ಕೊನೆಯ ಮಾತು ಅವಳಿಗೆ ಚುಚ್ಚಿತು.

"ಯಾಕೆ ಹೇಳ್ಬಾರ್ದು?"

"ಭದ್ರತೆ ವಿಷ್ಯ ಅಮ್ಮ."

"ನನ್ನ ದುಡ್ಡು, ನನ್ನ ಮನೆ. ಹೇಳ್ಬೇಡ ಅನ್ನೋಕೆ ನೀನ್ಯಾರಯ್ಯ?"

ಫೋನಿಟ್ಟಳು. ಕಾರ್ಡಿನ ಬೆನ್ನಿಗಿದ್ದ ನಂಬರಿಗೆ ತಾನೇ ಫೋನ್ ಮಾಡಿ ಬ್ಲಾಕ್ ಮಾಡಿಸಿದಳು. ಮಿಕ್ಕರ್ಧ ಉಳಿಯಿತು. ಆಮೇಲೆ ಪ್ಯಾಂಟಿನ ಇನ್ನೊಂದು ಕಾಲನ್ನು ಮಡಚಿದಳು. (ಇದು ನಾನು ಕಟ್ಟಿದ್ದಲ್ಲ. ನಾನಾಗಿದ್ದರೆ ಅವಳು ಕುರ್ಚಿಯಲ್ಲಿ ಕುಸಿದಳೆಂದು ಬರೆಯುತ್ತಿದ್ದೆ.)

೫
ನಿಜವಾದ ಪೆಟ್ಟು ಬಿದ್ದದ್ದು ಮನೆಯಲ್ಲಿ.

"ಹೋಗ್ಲಿ ಬಿಡು. ಯಾರ ಹತ್ರಾನೂ ಬಾಯ್ಬಿಡ್ಬೇಡ, ನಗ್ತಾರೆ," ಎಂದ ಚಿಕ್ಕಪ್ಪ.

ಚಿಕ್ಕಮ್ಮ ಅವನನ್ನೇ ದಿಟ್ಟಿಸಿದಳು. "ಆ ಕಳ್ಳನೂ ಇದನ್ನೇ ಹೇಳಿದ್ದ."

ಮರುದಿನ ಆ ಮೆಸೇಜನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಟ್ರಯಲ್ ರೂಮಿನ ಕನ್ನಡಿಗೆ ಅಂಟಿಸಿದಳು. ಕೆಳಗೆ ಅವಳದೇ ಕೈಬರಹ: 'ಇದಕ್ಕೆ ನಾನು ಮೋಸ ಹೋದೆ. ಲಿಂಕ್ ಒತ್ತಬೇಡಿ. ಓಟಿಪಿ ಯಾರಿಗೂ ಹೇಳಬೇಡಿ. ಅವಸರ ಮಾಡಿಸುವವನು ಬ್ಯಾಂಕಿನವನಲ್ಲ. ಆಗಲೇ ಮೋಸ ಹೋಗಿದ್ದರೆ ನನಗೆ ಹೇಳಿ, ನಗುವುದಿಲ್ಲ.'

ಚಿಕ್ಕಪ್ಪ ಕಿತ್ತುಹಾಕಿದ. ಅವಳು ಇನ್ನೊಂದು ಅಂಟಿಸಿದಳು. ಮತ್ತೆ ಕಿತ್ತ. ಈ ಸಲ ಎರಡು ಅಂಟಿಸಿದಳು: ಒಂದು ಒಳಗೆ, ಇನ್ನೊಂದು ಬೀದಿಗೆ ಕಾಣುವ ಗಾಜಿಗೆ. ಅವನು ತೆಪ್ಪಗಾದ.

೬
ಈಗ ಅಂತ್ಯ. ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಅ) ಕಳ್ಳ ಸಿಕ್ಕಿಬೀಳುತ್ತಾನೆ. ("ಎಲ್ಲಿ ಸಿಕ್ಕ? ಕರ್ಕೊಂಡ್ಬಾ, ನೋಡ್ತೀನಿ," ಎಂದಳು ಚಿಕ್ಕಮ್ಮ.)

ಆ) ಬ್ಯಾಂಕು ದುಡ್ಡು ವಾಪಸು ಕೊಡುತ್ತದೆ. ("ದೂರು ಕೊಟ್ಟಿದೀನಿ, ಪರಿಶೀಲಿಸ್ತೀವಿ ಅಂತಾನೇ ಇದಾರೆ. ಬಂದಾಗ ಬರಿ.")

ಇ) ಮೂರನೆಯ ಅಂತ್ಯ ನನ್ನ ಬಳಿ ಇರಲಿಲ್ಲ. ಪೆನ್ನು ಕಚ್ಚುತ್ತ ಅವಳ ಅಂಗಡಿಯಲ್ಲೇ ಕೂತಿದ್ದೆ. ಕೋಟು ಹಾಕಿ ನೋಡಲು ಒಳಗೆ ಹೋದ ನಿವೃತ್ತ ಮೇಷ್ಟ್ರೊಬ್ಬರು ಎಷ್ಟು ಹೊತ್ತಾದರೂ ಹೊರಬರಲಿಲ್ಲ. ತೋಳು ಬಿಗಿಯಾಯಿತೇನೋ ಎಂದುಕೊಂಡೆವು. ಕೊನೆಗೆ ಪರದೆ ಸರಿಯಿತು. ಕೋಟು ಇನ್ನೂ ಅವರ ಕೈಯಲ್ಲೇ ಇತ್ತು.

"ನಂಗೂ ಹೀಗೇ ಆಯ್ತಮ್ಮ," ಎಂದರು. "ಇವತ್ತು ಬೆಳಿಗ್ಗೆ. ಮಗಳಿಗೂ ಹೇಳಿಲ್ಲ."

ಚಿಕ್ಕಮ್ಮ ನಗಲಿಲ್ಲ. ಸ್ಟೂಲು ಎಳೆದು ಕೊಟ್ಟಳು.

"ಕೂತ್ಕೊಳ್ಳಿ ಸರ್. ಮೊದ್ಲು ಬ್ಯಾಂಕಿಗೆ ಫೋನ್ ಮಾಡೋಣ, ಆಮೇಲೆ ಮಗಳಿಗೆ. ಕಾರ್ಡ್ ಕೊಡಿ ಇಲ್ಲಿ... ಬೇಡ, ನಂಗೂ ಕೊಡ್ಬೇಡಿ. ಹಿಂದಿರೋ ನಂಬರ್ ನೀವೇ ನೋಡಿ ಒತ್ತಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಂಕಿ ಒತ್ತಿದರು. ಇದಕ್ಕಿಂತ ಒಳ್ಳೆಯ ಅಂತ್ಯ ಎಲ್ಲಿ ಸಿಗಬೇಕು? ನಾನು 'ಮುಗಿಯಿತು' ಎಂದು ಬರೆದೆ.

"ಹೊಡೆದು ಹಾಕೇ ಅದನ್ನ," ಎಂದಳು ಚಿಕ್ಕಮ್ಮ, ತಿರುಗಿಯೂ ನೋಡದೆ. "ಆ ಕಡೆ ಇನ್ನೂ ರಿಂಗ್ ಆಗ್ತಿದೆ."